ಹುಂಡಿಯ ಮುದ್ರಾಂಕವೂ ಗವರ್ನರರ ರಾಜೀನಾಮೆಯೂ: 1956–57ರ ಪ್ರಕರಣದ ಒಂದು ಅಧ್ಯಯನ

ಜಯನಗರ 4ನೇ ಬ್ಲಾಕಿನ ಅಂಗಡಿಯೇ ಇರಲಿ, ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯ ಲೇತ್ ಘಟಕವೇ ಇರಲಿ, ಸಾಲದ ಖಾತೆಯುಳ್ಳ ಪ್ರತಿಯೊಬ್ಬ ಉದ್ಯಮಿಗೂ ಆಗಾಗ ಬ್ಯಾಂಕಿನಿಂದ ಒಂದು ಪತ್ರ ಬರುವುದುಂಟು. ಅದರಲ್ಲಿ ಹೊಸ ಬಡ್ಡಿ ದರ ಮತ್ತು ಅದು ಜಾರಿಗೆ ಬರುವ ದಿನಾಂಕ ಇರುತ್ತದೆ. ಕಾರಣವನ್ನು ಒಂದು ವಾಕ್ಯದಲ್ಲಿ ಮುಗಿಸಲಾಗಿರುತ್ತದೆ. ಪತ್ರವನ್ನು ಓದಿದ ಉದ್ಯಮಿಯು ಶಾಖಾ ವ್ಯವಸ್ಥಾಪಕರನ್ನು ದೂರುತ್ತಾನೆ. ಅವರು ಮುಂಬಯಿಯ ಭಾರತೀಯ ರಿಸರ್ವ್ ಬ್ಯಾಂಕಿನತ್ತ ಕೈ ತೋರಿಸುತ್ತಾರೆ. ಮುಂಬಯಿಯ ನಿರ್ಧಾರದಲ್ಲಿ ದೆಹಲಿಯ ಪಾತ್ರವೆಷ್ಟು ಎಂಬ ಪ್ರಶ್ನೆ ಅಲ್ಲಿಗೇ ಉಳಿದುಬಿಡುತ್ತದೆ.

ಈ ಪ್ರಶ್ನೆಯು ಸ್ವತಂತ್ರ ಭಾರತದಲ್ಲಿ ಮೊದಲ ಬಾರಿಗೆ ಬಹಿರಂಗವಾಗಿ ಎದ್ದುದು 1956ರ ಕೊನೆಯ ತಿಂಗಳುಗಳಲ್ಲಿ. ಅದಕ್ಕೆ ಕಾರಣವಾದ ವಸ್ತು ವರ್ತಕರಿಗೆ ಚಿರಪರಿಚಿತವಾದುದು: ಹುಂಡಿಗೆ ಅಂಟಿಸುವ ಮುದ್ರಾಂಕ. ಆ ಮುದ್ರಾಂಕದ ದರ ಏರಿದುದರಿಂದ ಆರಂಭವಾದ ವಿವಾದವು ಒಂದೂವರೆ ತಿಂಗಳೊಳಗೆ ರಿಸರ್ವ್ ಬ್ಯಾಂಕಿನ ಗವರ್ನರರ ರಾಜೀನಾಮೆಯಲ್ಲಿ ಕೊನೆಗೊಂಡಿತು. ಕಾದಂಬರಿಗೆ ಒದಗುವಂಥ ಕಥೆಯಾದರೂ ಇದನ್ನು ಇಲ್ಲಿ ಕಥೆಯಾಗಿ ಅಲ್ಲ, ವ್ಯಾಪಾರಿಯ ಲೆಕ್ಕದ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ಇಬ್ಬರು ವ್ಯಕ್ತಿಗಳು

ಗವರ್ನರರಾಗಿದ್ದವರು ಸರ್ ಬೆನಗಲ್ ರಾಮರಾವ್. ದಕ್ಷಿಣ ಕನ್ನಡದ ಪ್ರಸಿದ್ಧ ಬೆನಗಲ್ ಮನೆತನದವರು. ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಮತ್ತು ಪತ್ರಕರ್ತರೂ ಸಂಸದರೂ ಆಗಿದ್ದ ಬಿ. ಶಿವರಾವ್ ಇವರ ಸಹೋದರರು. ಐ.ಸಿ.ಎಸ್. ಅಧಿಕಾರಿಯಾಗಿ, ಅನಂತರ ಅಮೆರಿಕದಲ್ಲಿ ಭಾರತದ ರಾಯಭಾರಿಯಾಗಿ ಸೇವೆ ಸಲ್ಲಿಸಿದ ರಾಮರಾಯರು 1949ರ ಜುಲೈ 1ರಂದು ರಿಸರ್ವ್ ಬ್ಯಾಂಕಿನ ಅಧಿಕಾರ ವಹಿಸಿಕೊಂಡರು. ಅದೇ ವರ್ಷದ ಜನವರಿ 1ರಂದು ಬ್ಯಾಂಕು ಷೇರುದಾರರ ಕೈಯಿಂದ ಸರ್ಕಾರದ ಒಡೆತನಕ್ಕೆ ಬಂದಿತ್ತು. ರಾಷ್ಟ್ರೀಕರಣದ ಆ ಕಾಯಿದೆಯು 1948ರದು, ಅಂದರೆ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದ ವರ್ಷದ್ದೇ. ಏಳು ವರ್ಷಕ್ಕೂ ಮಿಕ್ಕಿ ಗವರ್ನರರಾಗಿದ್ದ ರಾಮರಾಯರಷ್ಟು ದೀರ್ಘಕಾಲ ಆ ಪೀಠದಲ್ಲಿ ಇನ್ನಾರೂ ಕುಳಿತಿಲ್ಲ.

ಎದುರಿಗಿದ್ದವರು ಟಿ.ಟಿ. ಕೃಷ್ಣಮಾಚಾರಿ. ಮದರಾಸಿನ ದೊಡ್ಡ ವ್ಯಾಪಾರ ಸಂಸ್ಥೆಯೊಂದರ ಸ್ಥಾಪಕರು, ಚುರುಕು ಬುದ್ಧಿಯವರು, ಮಾತಿನಲ್ಲಿ ಹರಿತ. ಸಿ.ಡಿ. ದೇಶಮುಖರು ಮುಂಬಯಿ ನಗರದ ಪ್ರಶ್ನೆಯ ಮೇಲೆ 1956ರಲ್ಲಿ ಸಚಿವ ಸಂಪುಟವನ್ನು ತೊರೆದಾಗ ಹಣಕಾಸು ಖಾತೆ ಕೃಷ್ಣಮಾಚಾರಿಯವರ ಪಾಲಿಗೆ ಬಂತು. ದೇಶಮುಖರು ಸ್ವತಃ ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರರು, ಆ ಹುದ್ದೆಗೇರಿದ ಮೊದಲ ಭಾರತೀಯರು. ಬ್ಯಾಂಕಿನ ಒಳಗಿನ ರೀತಿನೀತಿಗಳು ಅವರಿಗೆ ಕರತಲಾಮಲಕವಾಗಿದ್ದವು. ಹೊಸ ಸಚಿವರಿಗೆ ಆ ಬಳಕೆಯೂ ಇರಲಿಲ್ಲ, ಆ ಸೌಜನ್ಯಗಳ ಬಗ್ಗೆ ವಿಶೇಷ ಆದರವೂ ಇರಲಿಲ್ಲ.

ಕಾಲವೂ ಸುಲಭದ್ದಾಗಿರಲಿಲ್ಲ. ಎರಡನೆಯ ಪಂಚವಾರ್ಷಿಕ ಯೋಜನೆ 1956ರ ಏಪ್ರಿಲ್‌ನಲ್ಲಿ ಆರಂಭವಾಗಿತ್ತು. ಉಕ್ಕಿನ ಕಾರ್ಖಾನೆಗಳಿಗೂ ಯಂತ್ರೋಪಕರಣಗಳಿಗೂ ವಿದೇಶಿ ವಿನಿಮಯ ನೀರಿನಂತೆ ಹರಿಯುತ್ತಿತ್ತು. ನೋಟುಗಳಿಗೆ ಪ್ರತಿಯಾಗಿ ಶೇ. 40ರ ಪ್ರಮಾಣದಲ್ಲಿ ಚಿನ್ನ ಮತ್ತು ವಿದೇಶಿ ಭದ್ರತೆಗಳನ್ನು ಇಡಬೇಕೆಂಬ ಹಳೆಯ ನಿಯಮವನ್ನು ಅದೇ ವರ್ಷ ಕೈಬಿಟ್ಟು, 115 ಕೋಟಿ ರೂಪಾಯಿಯ ಚಿನ್ನ ಮತ್ತು 400 ಕೋಟಿ ರೂಪಾಯಿಯ ವಿದೇಶಿ ಭದ್ರತೆಗಳು ಸಾಕೆಂದು ತಿದ್ದುಪಡಿ ಮಾಡಲಾಯಿತು. 1957ರಲ್ಲಿ ಅದನ್ನೂ ಇಳಿಸಿ, ಚಿನ್ನವೂ ಸೇರಿದಂತೆ ಒಟ್ಟು 200 ಕೋಟಿ ರೂಪಾಯಿ ಎಂದು ಗೊತ್ತುಪಡಿಸಬೇಕಾಯಿತು. ಬೆಲೆಗಳು ಏರುತ್ತಿದ್ದವು. ಬ್ಯಾಂಕು ಸಾಲಗಳು ಅದಕ್ಕಿಂತ ವೇಗವಾಗಿ ಬೆಳೆಯುತ್ತಿದ್ದವು. ಸಾಲವನ್ನು ದುಬಾರಿಗೊಳಿಸಬೇಕೆಂಬುದರಲ್ಲಿ ದೆಹಲಿಗೂ ಮುಂಬಯಿಗೂ ದೊಡ್ಡ ಭಿನ್ನಾಭಿಪ್ರಾಯವೇನೂ ಇರಲಿಲ್ಲ. ಅದನ್ನು ಯಾರು ಮಾಡಬೇಕು, ಹೇಗೆ ಮಾಡಬೇಕು ಎಂಬಲ್ಲಿ ಜಗಳ ಹುಟ್ಟಿತು.

ಬಿಲ್ ಮಾರುಕಟ್ಟೆ ಯೋಜನೆ

ವಿವಾದವು ಅರ್ಥವಾಗಬೇಕಾದರೆ 1952ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಜಾರಿಗೆ ತಂದ ಬಿಲ್ ಮಾರುಕಟ್ಟೆ ಯೋಜನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅದಕ್ಕೆ ಮುಂಚೆ, ಸುಗ್ಗಿಯ ದಿನಗಳಲ್ಲಿ ಹತ್ತಿ, ಬೆಲ್ಲ, ಎಣ್ಣೆಕಾಳುಗಳ ಖರೀದಿಗೆ ಹಣದ ಬೇಡಿಕೆ ಏರಿದಾಗ, ಬ್ಯಾಂಕುಗಳು ತಮ್ಮಲ್ಲಿದ್ದ ಸರ್ಕಾರಿ ಭದ್ರತೆಗಳನ್ನು ರಿಸರ್ವ್ ಬ್ಯಾಂಕಿಗೆ ಮಾರಿ ನಗದು ಪಡೆಯುತ್ತಿದ್ದವು. 1951ರ ನವೆಂಬರ್‌ನಲ್ಲಿ ಬ್ಯಾಂಕು ದರವನ್ನು ಶೇ. 3ರಿಂದ ಶೇ. 3.5ಕ್ಕೆ ಏರಿಸಿದ ರಿಸರ್ವ್ ಬ್ಯಾಂಕು, ಹಾಗೆ ಭದ್ರತೆಗಳನ್ನು ಕೊಳ್ಳುವುದನ್ನೂ ನಿಲ್ಲಿಸಿತು. ಹಾಗಾದರೆ ಸುಗ್ಗಿಗೆ ಹಣ ಎಲ್ಲಿಂದ? ಅದಕ್ಕೆ ಉತ್ತರವಾಗಿ ಬಂದದ್ದೇ ಈ ಯೋಜನೆ.

ಅದರ ಕ್ರಮ ಹೀಗಿತ್ತು. ವರ್ತಕನಿಗೆ ಕೊಟ್ಟ ಕ್ಯಾಷ್ ಕ್ರೆಡಿಟ್ ಅಥವಾ ಓವರ್‌ಡ್ರಾಫ್ಟ್ ಸಾಲದ ಒಂದು ಭಾಗವನ್ನು ಬ್ಯಾಂಕು ಅವನಿಂದ ಮುದ್ದತ್ತಿನ ಪ್ರಾಮಿಸರಿ ನೋಟಾಗಿ ಬರೆಸಿಕೊಳ್ಳುತ್ತಿತ್ತು. ಅಂತಹ ನೋಟುಗಳನ್ನು ಆಧಾರವಾಗಿಟ್ಟು ರಿಸರ್ವ್ ಬ್ಯಾಂಕಿನಿಂದ ಮುಂಗಡ ಪಡೆಯುತ್ತಿತ್ತು. ಮೊದಲಿಗೆ 10 ಕೋಟಿ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಠೇವಣಿಯುಳ್ಳ ಬ್ಯಾಂಕುಗಳಿಗೆ ಮಾತ್ರ ಈ ಸೌಲಭ್ಯವಿತ್ತು. ಒಂದೊಂದು ಬಿಲ್ಲಿನ ಮೊತ್ತ ಕನಿಷ್ಠ 1 ಲಕ್ಷ ರೂಪಾಯಿ ಇರಬೇಕಿತ್ತು. ಸಣ್ಣ ಬ್ಯಾಂಕುಗಳಿಗೂ ಅವುಗಳ ಗಿರಾಕಿಗಳಿಗೂ ಇದು ಆಗ ಎಟುಕದ ಹಣ್ಣು. ಬಳಿಕ ಈ ಮಿತಿಗಳು ಸಡಿಲಗೊಂಡವು. ಯೋಜನೆಯನ್ನು ಜನಪ್ರಿಯಗೊಳಿಸಲು ರಿಸರ್ವ್ ಬ್ಯಾಂಕು ಬ್ಯಾಂಕು ದರಕ್ಕಿಂತ ಅರ್ಧ ಶೇಕಡಾ ಕಡಿಮೆಗೆ ಸಾಲ ಕೊಟ್ಟುದಲ್ಲದೆ, ನೋಟಿನ ಮೇಲಿನ ಮುದ್ರಾಂಕ ಶುಲ್ಕದ ಅರ್ಧವನ್ನು ತಾನೇ ಭರಿಸಿತು. 1956ರಲ್ಲಿ ಈ ರಿಯಾಯಿತಿಗಳನ್ನು ಹಂತ ಹಂತವಾಗಿ ಹಿಂತೆಗೆದುಕೊಂಡಿತು. ಅಂದರೆ ಸಾಲವನ್ನು ಬಿಗಿಗೊಳಿಸುವ ಕೆಲಸವನ್ನು ರಾಮರಾಯರು ತಮ್ಮ ರೀತಿಯಲ್ಲಿ, ಸದ್ದಿಲ್ಲದೆ ಆರಂಭಿಸಿಯೇ ಇದ್ದರು. ಗವರ್ನರರು ಕೈಕಟ್ಟಿ ಕುಳಿತಿದ್ದರೆಂಬ ಅಭಿಪ್ರಾಯಕ್ಕೆ ಇದು ಸಾಕಷ್ಟು ಉತ್ತರವಾದೀತು.

ಎರಡು ಆಣೆಯ ಪ್ರಶ್ನೆ

1956ರ ನವೆಂಬರ್ ಕೊನೆಯಲ್ಲಿ ಕೃಷ್ಣಮಾಚಾರಿಯವರು ವರ್ಷದ ನಡುವೆಯೇ ಹೊಸ ತೆರಿಗೆಗಳ ಮಸೂದೆಯನ್ನು ಲೋಕಸಭೆಯ ಮುಂದಿಟ್ಟರು. ಬಂಡವಾಳ ಲಾಭದ ಮೇಲಿನ ತೆರಿಗೆ ಪುನಃ ಕಾಣಿಸಿಕೊಂಡಿತು. ಪತ್ರಿಕೆಗಳ ಗಮನವೆಲ್ಲ ಅದರ ಮೇಲೆಯೇ. ಆದರೆ ಅದೇ ಮಸೂದೆಯ ಒಂದು ಮೂಲೆಯಲ್ಲಿ ಮುದ್ದತ್ತಿನ ಬಿಲ್ಲುಗಳ ಮುದ್ರಾಂಕ ಶುಲ್ಕದ ಏರಿಕೆಯಿತ್ತು. ಅಲ್ಲಿಯವರೆಗೆ ಸಾವಿರ ರೂಪಾಯಿಗೆ 2 ಆಣೆ ಇದ್ದ ಶುಲ್ಕದ ಜಾಗದಲ್ಲಿ ವರ್ಷದ ಲೆಕ್ಕಕ್ಕೆ ಸಾವಿರಕ್ಕೆ 10 ರೂಪಾಯಿ, ಅಂದರೆ ಶೇ. 1ರವರೆಗೆ ವಿಧಿಸಲು ಅವಕಾಶ ಕಲ್ಪಿಸಲಾಯಿತು. ಸರ್ಕಾರಿ ಆದೇಶದ ಮೂಲಕ ಸದ್ಯಕ್ಕೆ ಅದರ ಅರ್ಧವನ್ನು, ಅಂದರೆ ಶೇ. 0.5ನ್ನು ಮಾತ್ರ ವಸೂಲು ಮಾಡುವುದೆಂದಾಯಿತು.

ಇದರ ಭಾರವನ್ನು ಅಳೆಯಲು 1 ಲಕ್ಷ ರೂಪಾಯಿಯ ಮೂರು ತಿಂಗಳ ಪ್ರಾಮಿಸರಿ ನೋಟನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಶೇ. 3.5ರ ಬ್ಯಾಂಕು ದರದಲ್ಲಿ ಮೂರು ತಿಂಗಳ ಬಡ್ಡಿ 875 ರೂಪಾಯಿ. ಹಳೆಯ ದರದಲ್ಲಿ ಮುದ್ರಾಂಕಕ್ಕೆ 200 ಆಣೆ, ಅಂದರೆ 12 ರೂಪಾಯಿ 8 ಆಣೆ ಖರ್ಚು. ಹೊಸ ದರದಲ್ಲಿ ಅದೇ ನೋಟಿಗೆ 125 ರೂಪಾಯಿ. ಬ್ಯಾಂಕು ದರ ಒಂದು ಕಾಸೂ ಏರಿರಲಿಲ್ಲ. ಆದರೂ ರಿಸರ್ವ್ ಬ್ಯಾಂಕಿನಿಂದ ಹಣ ತರುವ ಖರ್ಚು ಶೇ. 3.5ರಿಂದ ಹೆಚ್ಚುಕಡಿಮೆ ಶೇ. 4ಕ್ಕೆ ಏರಿತು. ಬ್ಯಾಂಕುಗಳು ಆ ಹೆಚ್ಚಳವನ್ನು ಗಿರಾಕಿಯ ತಲೆಗೆ ಕಟ್ಟುವುದು ಸಹಜ. ವರ್ತಕನ ದೃಷ್ಟಿಯಲ್ಲಿ ಬಡ್ಡಿ ಏರಿದಂತೆಯೇ.

ಇನ್ನೊಂದು ಸೂಕ್ಷ್ಮವೂ ಇದೆ. ಬಿಲ್ಲು, ಚೆಕ್ಕು, ಪ್ರಾಮಿಸರಿ ನೋಟುಗಳ ಮುದ್ರಾಂಕ ದರವನ್ನು ನಿಗದಿಪಡಿಸುವುದು ಕೇಂದ್ರದ ಅಧಿಕಾರವಾದರೂ, ಸಂವಿಧಾನದ 268ನೇ ವಿಧಿಯ ಪ್ರಕಾರ ಆ ಹಣ ಸೇರುವುದು ರಾಜ್ಯಗಳಿಗೆ. ಕೇಂದ್ರದ ಬೊಕ್ಕಸವನ್ನು ತುಂಬದ ತೆರಿಗೆಯನ್ನು ಕೇಂದ್ರದ ಅರ್ಥಸಚಿವರು ಇಷ್ಟು ಉತ್ಸಾಹದಿಂದ ಹೆಚ್ಚಿಸಿದುದೇಕೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹೊರನೋಟಕ್ಕೆ ತೆರಿಗೆಯ ಕ್ರಮವಾದರೂ ಇದರ ಉದ್ದೇಶ ಹಣದ ನಿಯಂತ್ರಣವೆಂಬುದನ್ನು ಕೃಷ್ಣಮಾಚಾರಿಯವರು ಬಚ್ಚಿಡಲೂ ಇಲ್ಲ.

ರಾಮರಾಯರ ಆಕ್ಷೇಪವೂ ಇಲ್ಲಿಯೇ. ಬ್ಯಾಂಕು ದರವನ್ನು ಪ್ರಕಟಿಸುವ ಅಧಿಕಾರವನ್ನು 1934ರ ರಿಸರ್ವ್ ಬ್ಯಾಂಕು ಕಾಯಿದೆಯ 49ನೇ ಪ್ರಕರಣವು ಬ್ಯಾಂಕಿಗೆ ಕೊಟ್ಟಿದೆ. ಮುದ್ರಾಂಕದ ದಾರಿಯಿಂದ ಅದೇ ದರವನ್ನು ಹೊರಗಿನಿಂದ ಏರಿಸಿದರೆ ಆ ಪ್ರಕರಣಕ್ಕೆ ಅರ್ಥವೇನು? ಮುಂದೆ ಸಚಿವಾಲಯವು ಮನಬಂದಾಗ ಶೇ. 0.5ನ್ನು ಶೇ. 1ಕ್ಕೆ ಒಂದು ಆದೇಶದಲ್ಲಿ ಏರಿಸಬಹುದು. ಆಗ ದೇಶದಲ್ಲಿ ಎರಡು ಬ್ಯಾಂಕು ದರಗಳು ನಡೆಯುತ್ತವೆ: ಒಂದು ಮುಂಬಯಿಯದು, ಇನ್ನೊಂದು ದೆಹಲಿಯದು. ಈ ವಾದವನ್ನು ಅವರು ಒಂದು ಜ್ಞಾಪನಾ ಪತ್ರದಲ್ಲಿ ಬರೆದು ಕೇಂದ್ರೀಯ ಮಂಡಳಿಯ ನಿರ್ದೇಶಕರ ಮುಂದಿಟ್ಟರು. 1956ರ ಡಿಸೆಂಬರ್ 12ರ ಸಭೆಯಲ್ಲಿ ಮಂಡಳಿಯು, ಹಣದ ವ್ಯವಸ್ಥೆಯ ಮೇಲೆ ಗಣನೀಯ ಪರಿಣಾಮ ಬೀರುವ ವಿಷಯಗಳಲ್ಲಿ ಸರ್ಕಾರವು ಬ್ಯಾಂಕಿನೊಂದಿಗೆ ಮುಂಚಿತವಾಗಿ ಸಮಾಲೋಚಿಸಬೇಕೆಂದು ಕೋರುವ ನಿರ್ಣಯವನ್ನು ಅಂಗೀಕರಿಸಿತು.

ನಿರ್ಣಯದ ಭಾಷೆ ವಿನಯದ್ದೇ. ಆದರೆ ಸರ್ಕಾರವೇ ನೇಮಿಸಿದ ಮಂಡಳಿಯು ಸರ್ಕಾರದ ತೆರಿಗೆ ಮಸೂದೆಯ ಬಗ್ಗೆ ನಿರ್ಣಯ ಮಾಡಿದುದು ದೆಹಲಿಯಲ್ಲಿ ಉದ್ಧಟತನವಾಗಿ ಕಂಡಿತು. ರಿಸರ್ವ್ ಬ್ಯಾಂಕು ಹಣಕಾಸು ಸಚಿವಾಲಯದ ಒಂದು ವಿಭಾಗವಷ್ಟೇ ಎಂಬ ಅರ್ಥದ ಮಾತು ಸಚಿವರಿಂದ ಬಂತು. ಬ್ಯಾಂಕಿನವರಿಗೆ ಯೋಚಿಸುವ ಶಕ್ತಿ ಇದೆಯೇ ಎಂಬ ಕೊಂಕನ್ನೂ ಅವರು ಆಡಿದರು. ಖಾಸಗಿ ಭೇಟಿಗಳಲ್ಲಿಯೂ ಸಚಿವರ ನಡವಳಿಕೆ ಒರಟಾಗಿತ್ತೆಂದು ರಾಮರಾಯರು ಪ್ರಧಾನಿಗೆ ದೂರಿಕೊಂಡರು.

ಪ್ರಧಾನಿಯ ಪತ್ರ

ಜವಾಹರಲಾಲ್ ನೆಹರೂ ಅವರ ಉತ್ತರ 1957ರ ಜನವರಿ 1ರ ದಿನಾಂಕದ್ದು. ಅದರ ಧ್ವನಿ ಸೌಜನ್ಯದ್ದು, ತೀರ್ಮಾನ ಮಾತ್ರ ಸ್ಪಷ್ಟ. ರಿಸರ್ವ್ ಬ್ಯಾಂಕಿಗೆ ಸ್ವಾಯತ್ತತೆ ಇದೆ. ಆದರೆ ಅದು ಸರ್ಕಾರದ ನಿರ್ದೇಶನಗಳಿಗೆ ಒಳಪಟ್ಟಿದೆ. ಬ್ಯಾಂಕು ಸಲಹೆ ಕೊಡಬಹುದು, ಎಚ್ಚರಿಸಬಹುದು. ಸರ್ಕಾರದ ಮೂಲ ಧೋರಣೆಗೆ ವಿರುದ್ಧವಾದ ನೀತಿಯನ್ನು ಅದು ನಡೆಸಲಾಗದು. ಪತ್ರದ ಸಾರಾಂಶ ಇಷ್ಟೇ. ಇಷ್ಟನ್ನು ಓದಿದ ಮೇಲೆ ಗವರ್ನರರಿಗೆ ಬೇರೆ ದಾರಿ ಉಳಿಯಲಿಲ್ಲ. 1957ರ ಜನವರಿ 14ರಂದು ರಾಮರಾಯರು ಪೀಠದಿಂದ ಇಳಿದರು. ಡೆಪ್ಯುಟಿ ಗವರ್ನರರಾಗಿದ್ದ ಕೆ.ಜಿ. ಅಂಬೇಗಾಂವ್‌ಕರ್ ಅವರು ಆರು ವಾರಗಳ ಕಾಲ ಹೊಣೆ ಹೊತ್ತರು.

ಕಾನೂನಿನ ದೃಷ್ಟಿಯಿಂದ ಸರ್ಕಾರದ ಪಕ್ಷ ಬಲವಾದುದೇ. ಮುದ್ರಾಂಕ ದರ ಹೆಚ್ಚಿಸಲು ಸಂಸತ್ತಿಗೆ ಪೂರ್ಣ ಅಧಿಕಾರವಿದೆ. ರಿಸರ್ವ್ ಬ್ಯಾಂಕು ಕಾಯಿದೆಯ 7ನೇ ಪ್ರಕರಣವಂತೂ, ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಕಂಡಾಗ ಬ್ಯಾಂಕಿಗೆ ನಿರ್ದೇಶನ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೇರವಾಗಿಯೇ ಕೊಟ್ಟಿದೆ. ಆದರೆ ಅದೇ ಪ್ರಕರಣದಲ್ಲಿ ಒಂದು ಷರತ್ತೂ ಇದೆ: ಗವರ್ನರರೊಂದಿಗೆ ಸಮಾಲೋಚಿಸಿದ ನಂತರ. ಕೃಷ್ಣಮಾಚಾರಿಯವರು 7ನೇ ಪ್ರಕರಣವನ್ನು ಮುಟ್ಟಲೇ ಇಲ್ಲ. ಅದನ್ನು ಮುಟ್ಟಿದ್ದರೆ ಸಮಾಲೋಚನೆ ಕಡ್ಡಾಯವಾಗುತ್ತಿತ್ತು, ಗವರ್ನರರ ಭಿನ್ನಮತ ಕಡತಕ್ಕೆ ಸೇರುತ್ತಿತ್ತು. ತೆರಿಗೆಯ ಬಾಗಿಲಿನಿಂದ ಒಳಬಂದುದರಿಂದ ಆ ಷರತ್ತು ತಪ್ಪಿಹೋಯಿತು. ಮುರಿದದ್ದು ಕಾನೂನಲ್ಲ, ಒಂದು ನಡವಳಿಕೆ. ರಾಮರಾಯರು ಕೇಳಿದ್ದೂ ವೀಟೋ ಅಧಿಕಾರವನ್ನಲ್ಲ. ಮೊದಲು ತಿಳಿಸಿ ಎಂದಷ್ಟೇ.

ಆಮೇಲೆ ನಡೆದುದು

ಮಾರ್ಚ್ 1ರಂದು ಗವರ್ನರರಾಗಿ ಬಂದವರು ಎಚ್.ವಿ.ಆರ್. ಅಯ್ಯಂಗಾರ್, ಹರವು ವೆಂಕಟನರಸಿಂಹ ವರದರಾಜ ಅಯ್ಯಂಗಾರ್. ಮೈಸೂರು ಸೀಮೆಯ ಮೂಲದವರು, ನೆಹರೂ ಅವರ ಕಾರ್ಯದರ್ಶಿಯಾಗಿಯೂ ಗೃಹ ಕಾರ್ಯದರ್ಶಿಯಾಗಿಯೂ ಕೆಲಸ ಮಾಡಿದವರು, ಆಗ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಅಧ್ಯಕ್ಷರು. ಹೀಗೆ ಕರಾವಳಿಯ ಒಬ್ಬರು ಬಿಟ್ಟ ಪೀಠಕ್ಕೆ ಹಳೆಯ ಮೈಸೂರಿನ ಇನ್ನೊಬ್ಬರು ಏರಿದರು.

ಅವರು ಮಾಡಿದ ಮೊದಲ ಮುಖ್ಯ ಕೆಲಸವೇ ಇಡೀ ಪ್ರಕರಣಕ್ಕೆ ಬರೆದ ಭಾಷ್ಯದಂತಿದೆ. 1957ರ ಮೇ 16ರಂದು ರಿಸರ್ವ್ ಬ್ಯಾಂಕು ಬ್ಯಾಂಕು ದರವನ್ನು ಶೇ. 3.5ರಿಂದ ಶೇ. 4ಕ್ಕೆ ಏರಿಸಿತು. ಅದರ ಜೊತೆಗೇ ಬಿಲ್ಲುಗಳ ಮೇಲೆ ಹೇರಿದ್ದ ಹೆಚ್ಚುವರಿ ಮುದ್ರಾಂಕದ ಭಾರವನ್ನು ಸರ್ಕಾರ ಇಳಿಸಿತು. ಬ್ಯಾಂಕುಗಳಿಗೆ ಬೀಳುವ ಒಟ್ಟು ಖರ್ಚು ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ವರ್ತಕನ ಲೆಕ್ಕದ ಪುಸ್ತಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಆ ಅರ್ಧ ಶೇಕಡಾವನ್ನು ಹೊರಿಸಿದ ಕೈ ಬದಲಾಗಿತ್ತು. ರಾಮರಾಯರು ಯಾವ ತತ್ತ್ವಕ್ಕಾಗಿ ಹುದ್ದೆ ಬಿಟ್ಟರೋ ಅದನ್ನು ಸರ್ಕಾರವು ಅವರು ಹೊರಹೋದ ನಾಲ್ಕು ತಿಂಗಳಲ್ಲಿ ಆಚರಣೆಯಲ್ಲಿ ಒಪ್ಪಿಕೊಂಡಿತು. ಅವರು ಇನ್ನಷ್ಟು ತಾಳ್ಮೆ ತೋರಬಹುದಿತ್ತೆಂದು ವಾದಿಸುವವರಿದ್ದಾರೆ. ರಾಜೀನಾಮೆಯ ಬಿಸಿ ಇಲ್ಲದೆ ಈ ತಿದ್ದುಪಡಿ ಇಷ್ಟು ಬೇಗ ಬರುತ್ತಿತ್ತೇ ಎಂಬುದು ಅದಕ್ಕೆ ಮರುಪ್ರಶ್ನೆ.

ಕೃಷ್ಣಮಾಚಾರಿಯವರ ಜಯವೂ ದೀರ್ಘಕಾಲದ್ದಾಗಲಿಲ್ಲ. ಆಗತಾನೇ ರಾಷ್ಟ್ರೀಕರಣಗೊಂಡಿದ್ದ ಜೀವ ವಿಮಾ ನಿಗಮವು 1957ರ ಜೂನ್‌ನಲ್ಲಿ ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರುಗಳಲ್ಲಿ ಸುಮಾರು 1.24 ಕೋಟಿ ರೂಪಾಯಿ ತೊಡಗಿಸಿದ್ದನ್ನು ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಎತ್ತಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಅರ್ಥಸಚಿವರು ಸ್ಥಾನ ಬಿಟ್ಟರು. 1963ರಲ್ಲಿ ಅದೇ ಖಾತೆಗೆ ಮರಳಿದರೆಂಬುದು ರಾಜಕೀಯದ ಇನ್ನೊಂದು ಅಧ್ಯಾಯ.

ಅಯ್ಯಂಗಾರರ ಕಾಲದ ಇನ್ನೊಂದು ಘಟನೆಯೂ ಇಲ್ಲಿ ಉಲ್ಲೇಖಕ್ಕೆ ಅರ್ಹ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ರಿಸರ್ವ್ ಬ್ಯಾಂಕಿನ ಅರ್ಜಿಯ ಮೇಲೆ ಮುಚ್ಚಿತು. ಅದರ ಪರಿಣಾಮವಾಗಿ 1962ರ ಜನವರಿಯಲ್ಲಿ ಠೇವಣಿ ವಿಮಾ ನಿಗಮ ಹುಟ್ಟಿತು. ಆಗ ವಿಮೆಯ ಮಿತಿ ಪ್ರತಿ ಠೇವಣಿದಾರನಿಗೆ 1,500 ರೂಪಾಯಿ. ಈ ಎಳೆ ಅರ್ಧ ಶತಮಾನದ ಬಳಿಕ ಬೆಂಗಳೂರು ದಕ್ಷಿಣವನ್ನೇ ತಲುಪಿತು.

ಬಸವನಗುಡಿ, 2020

1966ರ ಮಾರ್ಚ್ 1ರಿಂದ ಸಹಕಾರಿ ಬ್ಯಾಂಕುಗಳು ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ ವ್ಯಾಪ್ತಿಗೆ ಬಂದವಾದರೂ, ಅವುಗಳ ನೋಂದಣಿ, ಚುನಾವಣೆ, ಆಡಳಿತ ಮಂಡಳಿ ಇವೆಲ್ಲ ರಾಜ್ಯದ ಸಹಕಾರ ಸಂಘಗಳ ನಿಬಂಧಕರ ಕೈಯಲ್ಲೇ ಉಳಿದವು. ಹಣ ಒಬ್ಬರ ನಿಗಾದಲ್ಲಿ, ಹಣವನ್ನು ಆಡಿಸುವ ಜನ ಇನ್ನೊಬ್ಬರ ನಿಗಾದಲ್ಲಿ. 1956ರಲ್ಲಿ ಮುಂಬಯಿ ಮತ್ತು ದೆಹಲಿಯ ನಡುವೆ ಎದ್ದ ಪ್ರಶ್ನೆಯು ಇಲ್ಲಿ ಮುಂಬಯಿ ಮತ್ತು ವಿಧಾನಸೌಧದ ನಡುವೆ ಬೇರೆ ರೂಪದಲ್ಲಿ ನಿಂತಿತ್ತು. ಸ್ಥಳೀಯ ರಾಜಕೀಯಕ್ಕೂ ಸಹಕಾರಿ ಸಂಸ್ಥೆಗಳ ಆಡಳಿತ ಮಂಡಳಿಗಳಿಗೂ ಇರುವ ನಂಟು ಕರ್ನಾಟಕದ ಓದುಗರಿಗೆ ವಿವರಿಸಬೇಕಾದ ಸಂಗತಿಯಲ್ಲ.

2020ರ ಜನವರಿ ಆರಂಭದಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿತು. ಹೊಸ ಸಾಲ, ಹೊಸ ಠೇವಣಿ ನಿಂತವು. ಒಬ್ಬ ಠೇವಣಿದಾರ ಒಟ್ಟಾರೆ ಹಿಂಪಡೆಯಬಹುದಾದ ಮೊತ್ತ 35,000 ರೂಪಾಯಿ ಎಂದು ಗೊತ್ತಾಯಿತು. ನಿವೃತ್ತಿಯ ಹಣವನ್ನು ಅಲ್ಲಿಟ್ಟ ಹಿರಿಯರು ಬ್ಯಾಂಕಿನ ಮುಂದೆ ನೆರೆದರು. ವ್ಯಾಪಾರಿಯ ಕಷ್ಟದ ಬಗೆ ಬೇರೆ. ಚಾಲ್ತಿ ಖಾತೆ ಸ್ಥಗಿತಗೊಂಡರೆ ಕೊಟ್ಟ ಚೆಕ್ಕುಗಳು ಮರಳುತ್ತವೆ, ಕೂಲಿ ನಿಲ್ಲುತ್ತದೆ, ಸರಕು ಕೊಟ್ಟವನ ವಿಶ್ವಾಸ ಹೋಗುತ್ತದೆ.

ಅದರ ಬೆನ್ನಿಗೇ ಕಾನೂನು ಚುರುಕಾಯಿತು. 1993ರಿಂದ 1 ಲಕ್ಷ ರೂಪಾಯಿಯಲ್ಲೇ ನಿಂತಿದ್ದ ಠೇವಣಿ ವಿಮೆಯ ಮಿತಿ 2020ರ ಫೆಬ್ರವರಿ 4ರಿಂದ 5 ಲಕ್ಷಕ್ಕೆ ಏರಿತು. ಮಹಾರಾಷ್ಟ್ರದ ಸಹಕಾರಿ ಬ್ಯಾಂಕೊಂದರ 2019ರ ಕುಸಿತವೂ ಇದಕ್ಕೆ ಒತ್ತು ಕೊಟ್ಟಿತ್ತು. 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರ್‌ನಲ್ಲಿ ಕಾಯಿದೆಯಾಗಿ ಬಂದ ತಿದ್ದುಪಡಿಯು ಸಹಕಾರಿ ಬ್ಯಾಂಕುಗಳ ಆಡಳಿತದ ಮೇಲೂ ರಿಸರ್ವ್ ಬ್ಯಾಂಕಿಗೆ ಹೆಚ್ಚಿನ ಹಿಡಿತ ಕೊಟ್ಟಿತು. ರಾಜ್ಯದಲ್ಲಿ ನೋಂದಾಯಿತವಾದ ಬ್ಯಾಂಕಿನ ಆಡಳಿತ ಮಂಡಳಿಯನ್ನು ರದ್ದುಗೊಳಿಸುವಾಗ ರಾಜ್ಯ ಸರ್ಕಾರದೊಂದಿಗೆ ಸಮಾಲೋಚಿಸಬೇಕೆಂಬ ಮಾತು ಅದರಲ್ಲಿಯೂ ಸೇರಿದೆ. 2021ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಇನ್ನೊಂದು ತಿದ್ದುಪಡಿಯ ಪ್ರಕಾರ, ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ ವಿಮೆಯ ಮಿತಿಯೊಳಗಿನ ಹಣ 90 ದಿನಗಳಲ್ಲಿ ಸಿಗಬೇಕು. ಬ್ಯಾಂಕು ಮುಚ್ಚುವವರೆಗೆ ಕಾಯಬೇಕಾಗಿಲ್ಲ. ಈ 5 ಲಕ್ಷವು ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿರುವ ಅಸಲು ಮತ್ತು ಬಡ್ಡಿ ಸೇರಿದ ಮೊತ್ತಕ್ಕೆ ಅನ್ವಯಿಸುತ್ತದೆ. ಏಕಮಾಲೀಕತ್ವದ ಅಂಗಡಿಯ ಚಾಲ್ತಿ ಖಾತೆಯನ್ನೂ ಮಾಲೀಕನ ಸ್ವಂತ ಉಳಿತಾಯ ಖಾತೆಯನ್ನೂ ಇದಕ್ಕಾಗಿ ಒಂದಾಗಿಯೇ ಎಣಿಸಲಾಗುತ್ತದೆ. ಇದನ್ನು ತಿಳಿಯದೆ ಎರಡೂ ಖಾತೆಗಳಿಗೆ ಬೇರೆ ಬೇರೆ ರಕ್ಷಣೆಯಿದೆ ಎಂದು ನಂಬಿದವರು ಕಡಿಮೆಯಿಲ್ಲ.

7ನೇ ಪ್ರಕರಣ ಮತ್ತೆ

ರಾಮರಾಯರ ಹೆಸರು ದಿನಪತ್ರಿಕೆಗಳಲ್ಲಿ ಮತ್ತೆ ಕಾಣಿಸಿಕೊಂಡದ್ದು 2018ರ ಕೊನೆಯಲ್ಲಿ. ಆ ವರ್ಷದ ಅಕ್ಟೋಬರ್‌ನಲ್ಲಿ ಡೆಪ್ಯುಟಿ ಗವರ್ನರ್ ವಿರಲ್ ಆಚಾರ್ಯ ಅವರು ಕೇಂದ್ರೀಯ ಬ್ಯಾಂಕಿನ ಸ್ವಾತಂತ್ರ್ಯದ ಬಗ್ಗೆ ಬಹಿರಂಗವಾಗಿ ಮಾತನಾಡಿದರು. 7ನೇ ಪ್ರಕರಣದ ಬಳಕೆಯ ಚರ್ಚೆ ಎದ್ದಿತು. ಡಿಸೆಂಬರ್ 10ರಂದು ಗವರ್ನರ್ ಊರ್ಜಿತ್ ಪಟೇಲ್ ಅವರು ವೈಯಕ್ತಿಕ ಕಾರಣ ನೀಡಿ ರಾಜೀನಾಮೆ ಸಲ್ಲಿಸಿದರು. ಅಷ್ಟರಲ್ಲಿ ಬಡ್ಡಿ ದರದ ನಿರ್ಧಾರದ ವಿಧಾನವೂ ಬದಲಾಗಿತ್ತು. 2016ರಲ್ಲಿ ರಚನೆಯಾದ ಆರು ಸದಸ್ಯರ ಹಣಕಾಸು ನೀತಿ ಸಮಿತಿಯಲ್ಲಿ ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಕೇಂದ್ರ ಸರ್ಕಾರ ನೇಮಿಸಿದವರು. ಮತಗಳು ಸಮವಾದರೆ ಗವರ್ನರರ ಮತ ನಿರ್ಣಾಯಕ. ಹಣದುಬ್ಬರದ ಗುರಿ ಶೇ. 4 ಎಂದು ಗೊತ್ತುಪಡಿಸುವುದು ಸರ್ಕಾರ, ಅದನ್ನು ಸಾಧಿಸುವ ದರವನ್ನು ನಿರ್ಧರಿಸುವುದು ಸಮಿತಿ. ನೆಹರೂ ಮತ್ತು ರಾಮರಾಯರ ವಾದಗಳೆರಡಕ್ಕೂ ಅರ್ಧರ್ಧ ಜಾಗ ಕೊಟ್ಟ ಏರ್ಪಾಡು ಇದು.

ಕಿರು ಉದ್ಯಮಿಗೆ ಇದರ ಫಲ ಎರಡು ಕಡೆ ತಟ್ಟುತ್ತದೆ. ಮೊದಲನೆಯದು ಅವನ ಸಾಲ. 2019ರ ಅಕ್ಟೋಬರ್ 1ರ ನಂತರ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಕೊಡುವ ಹೊಸ ಬದಲಾಗುವ ದರದ ಸಾಲಗಳು ರೆಪೊ ದರದಂತಹ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರಬೇಕು. ಮೂರು ತಿಂಗಳಿಗೊಮ್ಮೆಯಾದರೂ ದರದ ಪರಿಷ್ಕರಣೆ ನಡೆಯಬೇಕು. ಸಮಿತಿಯು ದರ ಇಳಿಸಿದಾಗ ತನ್ನ ಖಾತೆಯಲ್ಲಿ ಅದು ಇಳಿಯಿತೇ ಎಂದು ಮಂಜೂರಾತಿ ಪತ್ರವನ್ನು ಹಿಡಿದು ಕೇಳುವ ಹಕ್ಕು ಉದ್ಯಮಿಗಿದೆ.

ಎರಡನೆಯದು ಅವನಿಗೆ ಬರಬೇಕಾದ ಬಾಕಿ. 1956ರಲ್ಲಿ ಯಾವ ಬ್ಯಾಂಕು ದರಕ್ಕಾಗಿ ಇಷ್ಟೆಲ್ಲ ನಡೆಯಿತೋ, ಅದು 2006ರ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಲ್ಲಿ ಹೊಸ ಕೆಲಸಕ್ಕೆ ನಿಂತಿದೆ. ಸರಕು ಒಪ್ಪಿಕೊಂಡ ಖರೀದಿದಾರನು ಕರಾರಿನ ಅವಧಿಯೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ, ಅತಿ ಸಣ್ಣ ಅಥವಾ ಸಣ್ಣ ಉದ್ಯಮಕ್ಕೆ ಹಣ ಕೊಡದಿದ್ದರೆ, ಬ್ಯಾಂಕು ದರದ ಮೂರು ಪಟ್ಟು ದರದಲ್ಲಿ, ಪ್ರತಿ ತಿಂಗಳೂ ಅಸಲಿಗೆ ಸೇರುವ ಚಕ್ರಬಡ್ಡಿಯನ್ನು ತೆರಬೇಕು. ಬ್ಯಾಂಕು ದರ 2003ರಿಂದ 2012ರ ಫೆಬ್ರವರಿಯವರೆಗೆ ಶೇ. 6ರಲ್ಲಿ ನಿಂತಿದ್ದಾಗ ಈ ದಂಡಬಡ್ಡಿ ಶೇ. 18 ಆಗುತ್ತಿತ್ತು. 2012ರ ಫೆಬ್ರವರಿ 13ರಂದು ಬ್ಯಾಂಕು ದರ ಒಮ್ಮೆಗೇ ಶೇ. 9.5ಕ್ಕೆ ಜಿಗಿದಾಗ ಅದು ಶೇ. 28.5 ಆಯಿತು. 2020ರ ಮೇ ತಿಂಗಳಲ್ಲಿ ಬ್ಯಾಂಕು ದರ ಶೇ. 4.25ಕ್ಕೆ ಇಳಿದಾಗ ಶೇ. 12.75, 2023ರ ಫೆಬ್ರವರಿಯಲ್ಲಿ ಅದು ಶೇ. 6.75ಕ್ಕೆ ಏರಿದಾಗ ಶೇ. 20.25. ಸಾಲಗಾರನಾಗಿ ದರ ಏರಿಕೆಯನ್ನು ಶಪಿಸುವ ತಯಾರಕನೇ, ಬಾಕಿ ವಸೂಲಿಗೆ ನಿಂತಾಗ ಅದೇ ಏರಿಕೆಯ ಫಲಾನುಭವಿ.

ಈ ಸೌಲಭ್ಯ ತಯಾರಕರಿಗೂ ಸೇವೆ ಒದಗಿಸುವವರಿಗೂ ಉಂಟು. 2021ರ ಜುಲೈಯಲ್ಲಿ ಸಗಟು ಮತ್ತು ಚಿಲ್ಲರೆ ವರ್ತಕರಿಗೂ ಉದ್ಯಮ್ ನೋಂದಣಿ ತೆರೆದರೂ, ಅದು ಆದ್ಯತಾ ವಲಯದ ಸಾಲದ ಮಟ್ಟಿಗೆ ಮಾತ್ರ. ಬಾಕಿಯ ಬೇಡಿಕೆ ಪತ್ರ ಬರೆಯುವ ಘಟಕವು ಉದ್ಯಮ್ ನೋಂದಣಿಯ ದಿನಾಂಕ, ಸರಕು ಒಪ್ಪಿಸಿದ ದಿನಾಂಕ, ಕರಾರಿನ ಅವಧಿ ಇವುಗಳೊಂದಿಗೆ ಆಯಾ ದಿನದಂದು ಜಾರಿಯಲ್ಲಿದ್ದ ಬ್ಯಾಂಕು ದರವನ್ನೂ ರಿಸರ್ವ್ ಬ್ಯಾಂಕಿನ ಪ್ರಕಟಣೆಯ ದಿನಾಂಕ ಸಹಿತ ನಮೂದಿಸಬೇಕು. ಪತ್ರದಲ್ಲಿ ಬರೆಯಬೇಕಾದದ್ದು ಬ್ಯಾಂಕು ದರ, ರೆಪೊ ದರವಲ್ಲ. ಮೇಲಿನ 2020 ಮತ್ತು 2023ರ ದರಗಳಲ್ಲಿ ಇವೆರಡರ ನಡುವೆ ಇದ್ದ ಅಂತರ ಶೇ. 0.25; ಮೂರು ಪಟ್ಟಾಗುವಾಗ ಅದು ಶೇ. 0.75 ಆಗುತ್ತದೆ.